ಕುಸ್ತಿಗೆ ದಮ್ಮು ಕಟ್ಟುವುದು ಹೇಗೆ? ಓಟ, ಮೆಟ್ಟಿಲು, ಬಸ್ಕಿ, ಇಂಟರ್ವಲ್, ಜೋರ್: ಯಾವುದು, ಯಾವಾಗ, ಯಾರಿಗೆ

ಮೊದಲ ಸುತ್ತು ಮುಗಿದಾಗ 4–0, ನಾನೇ ಮುಂದೆ. ಎರಡನೇ ಸುತ್ತು ಶುರುವಾಗಿ ಒಂದು ನಿಮಿಷ ಆಗಿರಬೇಕು. ಎದುರಾಳಿಯ ಎಡಗಾಲು ನನ್ನ ಎದೆಗೆ ಸಿಕ್ಕಿತ್ತು. ಎರಡೂ ಕೈ ಸೇರಿಸಿ ಬಿಗಿದಿದ್ದರೆ ಮುಗೀತಿತ್ತು. ಕೈ ಸೇರಲಿಲ್ಲ. ಮುಂಗೈ ಕೊರಡಿನ ಹಾಗಾಗಿ ಬೆರಳು ಮಡಚುತ್ತಲೇ ಇರಲಿಲ್ಲ. ಅವನು ಆರಾಮಾಗಿ ಕಾಲು ಎಳೆದುಕೊಂಡು ನನ್ನ ಬೆನ್ನ ಹಿಂದೆ ಬಂದ. ಕೊನೆಗೆ 4–9.

ಆ ಕುಸ್ತಿಗೆ ಮುಂಚೆ ಐದು ತಿಂಗಳು ದಿನಾ 8 ಕಿ.ಮೀ. ಓಡಿದ್ದೆ. ಗರಡಿಯಲ್ಲಿ ನನ್ನಷ್ಟು ಓಡುವವನು ಇನ್ನೊಬ್ಬ ಇರಲಿಲ್ಲ. ದಮ್ಮು ನನ್ನ ಜೇಬಲ್ಲೇ ಇದೆ ಅಂದುಕೊಂಡಿದ್ದೆ. ಸೋತು ಬಂದ ಮೇಲೆ ನಮ್ಮ ಉಸ್ತಾದರು ಕೇಳಿದ್ದು ಒಂದೇ ಮಾತು: "ಓಡುವಾಗ ಕೈ ಏನ್ ಮಾಡ್ತಿತ್ತೋ ನಿಂದು?"

ಆಗ ಆ ಮಾತು ಅರ್ಥ ಆಗಲಿಲ್ಲ, ಸುಮ್ನೆ ಬೈತಿದ್ದಾರೆ ಅನ್ನಿಸಿತು. ಈಗ ಹುಡುಗರು ನನ್ನನ್ನು "ಅಣ್ಣ, ದಮ್ಮಿಗೆ ಎಷ್ಟು ಕಿಲೋಮೀಟರ್ ಓಡ್ಬೇಕು?" ಎಂದು ಕೇಳಿದಾಗ ನಾನೂ ಹೆಚ್ಚುಕಡಿಮೆ ಅದನ್ನೇ ತಿರುಗಿ ಕೇಳುತ್ತೇನೆ. ಓಡಬೇಕೇ, ಮೆಟ್ಟಿಲು ಹತ್ತಬೇಕೇ, ಬಸ್ಕಿ ಹೊಡೆದರೆ ಸಾಕೇ, ಮೊಬೈಲಿನಲ್ಲಿ ತೋರಿಸುವ ಇಂಟರ್ವಲ್ (ಸ್ವಲ್ಪ ಹೊತ್ತು ಬಿರುಸು, ಸ್ವಲ್ಪ ಹೊತ್ತು ವಿರಾಮ, ಮತ್ತೆ ಬಿರುಸು) ಮಾಡಬೇಕೇ ಎಂದು ಗೊಂದಲದಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆರು ನಿಮಿಷದೊಳಗೆ ಏನಾಗುತ್ತದೆ

ಮ್ಯಾಟ್ ಕುಸ್ತಿ ಅಂದರೆ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ. 17 ವರ್ಷದೊಳಗಿನವರಿಗೆ 2 ನಿಮಿಷದ ಎರಡು ಸುತ್ತು. 2013ಕ್ಕೆ ಮುಂಚೆ ಕೆಲವು ವರ್ಷ 2 ನಿಮಿಷದ ಮೂರು ಸುತ್ತು ಇತ್ತು, ಪ್ರತಿ ಸುತ್ತಿನ ಲೆಕ್ಕ ಬೇರೆ ಬೇರೆ. ಆಗ ಒಂದು ಸುತ್ತು ಸೋತರೂ ಮುಂದಿನದ್ದು ಸೊನ್ನೆಯಿಂದ ಶುರು. ಈಗ ಪಾಯಿಂಟುಗಳು ಕೊನೆಯವರೆಗೆ ಕೂಡುತ್ತಾ ಹೋಗುತ್ತವೆ. ಹಾಗಾಗಿ ದಮ್ಮಿರುವವನಿಗೆ ಈಗಿನ ನಿಯಮ ಜಾಸ್ತಿ ಅನುಕೂಲ.

ಆರು ನಿಮಿಷ ಅಂದರೆ ಸಣ್ಣ ಓಟದ ಥರ, ಅದಕ್ಕೇಕೆ ಏರೋಬಿಕ್ ತಾಕತ್ತು ಅಂತ ಕೆಲವರು ಕೇಳುತ್ತಾರೆ. ಒಲೆಯ ಲೆಕ್ಕದಲ್ಲಿ ಹೇಳುತ್ತೇನೆ. ತೆಂಗಿನ ಗರಿ ಹಾಕಿದರೆ ಭಗ್ಗನೆ ಉರಿಯುತ್ತದೆ, ಕ್ಷಣದಲ್ಲಿ ಆರುತ್ತದೆ. ಮೈಯಲ್ಲೂ ಅಂಥದ್ದೊಂದು ಇಂಧನ ಇದೆ. ಎದುರಾಳಿಯ ಕಾಲಿಗೆ ನುಗ್ಗುವಾಗ, ಎತ್ತಿ ಹಾಕುವಾಗ ಅದೇ ಉರಿಯುವುದು. ಪೂರ್ತಿ ಜೋರಿನಲ್ಲಿ ಹತ್ತು ಸೆಕೆಂಡ್ ಸಿಕ್ಕರೆ ಹೆಚ್ಚು. ಆಮೇಲೆ ಹಸಿ ಸೌದೆ: ಶಾಖ ಕೊಡುತ್ತದೆ, ಜೊತೆಗೆ ಕಣ್ಣುರಿಯುವಷ್ಟು ಹೊಗೆ. ಒಂದೆರಡು ನಿಮಿಷದ ಬಿರುಸಿನ ಹಿಡಿತದಲ್ಲಿ ತೊಡೆ, ಮುಂಗೈ ಉರಿಯುವುದು ಈ ಹೊಗೆಗೆ. ಮೂರನೆಯದು ಕೆಂಡ. ಭಗ್ಗನೆ ಏಳುವುದಿಲ್ಲ, ಆರುವುದೂ ಇಲ್ಲ. ಗಾಳಿ ಊದುತ್ತಾ ಇದ್ದರೆ ಸಾಕು. ಏರೋಬಿಕ್ ಅನ್ನುವುದು ಈ ಕೆಂಡವನ್ನೇ.

ಹೊಸ ಗರಿ ಹೊತ್ತಿಕೊಳ್ಳುವುದೂ ಈ ಕೆಂಡದಿಂದಲೇ. ಒಂದು ಸಲ ನುಗ್ಗಿ ಖಾಲಿಯಾದ ಆ ಹತ್ತು ಸೆಕೆಂಡಿನ ಶಕ್ತಿ ಮತ್ತೆ ತುಂಬಿಕೊಳ್ಳಬೇಕಾದರೆ ಆಮ್ಲಜನಕ ಬೇಕು. ಅರ್ಧ ನಿಮಿಷದಲ್ಲಿ ಸುಮಾರು ಅರ್ಧ ತುಂಬುತ್ತದೆ, ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಹಿಡಿಯುತ್ತದೆ. ಕೆಂಡ ಗಟ್ಟಿಯಾಗಿದ್ದವನಿಗೆ ಬೇಗ ತುಂಬುತ್ತದೆ. ವಿರಾಮದ ಆ 30 ಸೆಕೆಂಡಿನಲ್ಲಿ, ಮ್ಯಾಟಿನ ಗೆರೆ ದಾಟಿ ಔಟ್ ಆಗಿ ನಡುವಿಗೆ ನಡೆದು ಬರುವ ಹೊತ್ತಿನಲ್ಲಿ, ಒಂದು ಕುಸ್ತಿಗೂ ಇನ್ನೊಂದು ಕುಸ್ತಿಗೂ ನಡುವೆ ಏರೋಬಿಕ್ ದಮ್ಮು ತನ್ನ ಕೆಲಸ ಮಾಡುತ್ತದೆ. ಪಟ್ಟು ಹಾಕಲು ಅದು ಸಹಾಯ ಮಾಡುವುದು ಕಡಿಮೆ. ಮುಂದಿನ ಪಟ್ಟಿಗೆ ಶಕ್ತಿ ಉಳಿದಿರುವುದು ಅದರಿಂದ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದ ಕುಸ್ತಿ ನೆನಪಿದೆಯಲ್ವಾ? ವಿರಾಮದ ಹೊತ್ತಿಗೆ 0–5 ಹಿಂದೆ. ಮುಗಿಯುವಾಗ 8–5. ಗೆಲುವಿನ ಪಾಯಿಂಟುಗಳು ಬಂದಿದ್ದು ಕೊನೆಯ ಕೆಲವೇ ಸೆಕೆಂಡುಗಳಲ್ಲಿ. ಅದು ಆ ಒಂದೇ ದಿನದಲ್ಲಿ ಅವರ ಐದನೇ ಕುಸ್ತಿ! ಟೋಕಿಯೊದ ಸೆಮಿಫೈನಲ್‌ನಲ್ಲಿ ರವಿ ದಹಿಯಾ 2–9 ಹಿಂದಿದ್ದವರು ಕೊನೆಯ ನಿಮಿಷದಲ್ಲಿ ಎದುರಾಳಿಯನ್ನು ಚಿತ್ ಮಾಡಿದರು. ಸೋಲುತ್ತಿದ್ದವನು ತೋಳು ಕಚ್ಚಿದರೂ ಬಿಡಲಿಲ್ಲ. ಇವರಿಬ್ಬರೂ ಬರೀ ಓಡಿ ಗೆದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಐದನೇ ನಿಮಿಷದಲ್ಲೂ ಮೊದಲ ನಿಮಿಷದ ವೇಗದಲ್ಲಿ ಒಂದು ಪಟ್ಟು ಹಾಕುವುದು ಕೆಂಡ ಆರಿದವನಿಂದ ಆಗುವ ಕೆಲಸವಲ್ಲ.

ಇದಕ್ಕೆ ಉಲ್ಟಾ ಕಥೆ 1952ರ ಹೆಲ್ಸಿಂಕಿಯದ್ದು. ಕೆ.ಡಿ. ಜಾಧವ್ ಜಪಾನಿನ ಇಶಿಯ ಜೊತೆ ದೀರ್ಘ ಕುಸ್ತಿ ಆಡಿ ಸೋತರು. ಸುಧಾರಿಸಿಕೊಳ್ಳಲು ಬಿಡದೆ ಕೂಡಲೇ ಸೋವಿಯತ್ ಪೈಲ್ವಾನನ ಎದುರು ನಿಲ್ಲಿಸಿದರು. ನಡುವೆ ಸಿಗಬೇಕಾಗಿದ್ದ ಅರ್ಧ ಗಂಟೆ ಸಿಗಲಿಲ್ಲ, ಕೇಳಲು ನಮ್ಮ ಅಧಿಕಾರಿಯೊಬ್ಬರೂ ಅಲ್ಲಿರಲಿಲ್ಲ. ಕಂಚು ಬಂತು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಅರ್ಧ ಗಂಟೆಯ ಬೆಲೆ ಎಷ್ಟು ಅಂತ ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಿಮ್ಮದು ಯಾವ ಕುಸ್ತಿ?

ಆಯ್ಕೆ ಶುರುವಾಗಬೇಕಾದದ್ದು ಇಲ್ಲಿಂದ. ಮಣ್ಣಿನ ಕುಸ್ತಿಯಲ್ಲಿ ಪಾಯಿಂಟಿಲ್ಲ, ಚಿತ್ ಆದರೆ ಮುಗೀತು. ದಸರಾ ನಾಡಕುಸ್ತಿಗೆ ಜೋಡಿ ಕಟ್ಟುವಾಗಲೇ ಎಷ್ಟು ನಿಮಿಷದ ಕುಸ್ತಿ ಅಂತ ಗೊತ್ತಾಗಿರುತ್ತದೆ. ನಿಕಾಲಿ ಕುಸ್ತಿಯಾದರೆ ಯಾರಾದರೂ ಬೀಳುವವರೆಗೆ ನಡೆಯಬೇಕು.

ನಮ್ಮ ಹೆಸರಾಂತ ಪೈಲ್ವಾನ ಗಾಮಾ ಮತ್ತು ಪೋಲೆಂಡಿನ ಪೈಲ್ವಾನ ಜ್ಬಿಸ್ಕೊ 1910ರಲ್ಲಿ ಲಂಡನ್ನಿನಲ್ಲಿ ಹಿಡಿದಾಗ ಸುಮಾರು ಎರಡೂವರೆ ಗಂಟೆ ಕಳೆದರೂ ತೀರ್ಮಾನ ಆಗಲಿಲ್ಲ. ಜ್ಬಿಸ್ಕೊ ಹೆಚ್ಚಿನ ಹೊತ್ತು ನೆಲ ಕಚ್ಚಿಕೊಂಡೇ ಇದ್ದ. ಅದೇ ಇಬ್ಬರು 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಹಿಡಿದಾಗ ಒಂದು ನಿಮಿಷದೊಳಗೆ ಗಾಮಾ ಮುಗಿಸಿದರು. ಅದೇ ಇಬ್ಬರು, ಒಂದು ಸಲ ಎರಡೂವರೆ ಗಂಟೆ, ಇನ್ನೊಂದು ಸಲ ನಿಮಿಷದೊಳಗೆ. ಮಣ್ಣಿನಲ್ಲಿ ಎರಡಕ್ಕೂ ಸಿದ್ಧ ಇರಬೇಕು. ಹಾಗಾಗಿ ಮಣ್ಣಿನವರಿಗೆ ನಿಧಾನದ ದಮ್ಮು ಮ್ಯಾಟಿನವರಿಗಿಂತ ಜಾಸ್ತಿ ಬೇಕು.

ಗ್ರೀಕೊ ರೋಮನ್ ಆಡುವವರ ಲೆಕ್ಕ ಬೇರೆ. ಬಾಗಲಕೋಟೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 55 ಕೆ.ಜಿ. ಕಂಚು ಗೆದ್ದದ್ದು ಈ ವಿಭಾಗದಲ್ಲಿ. ಇಲ್ಲಿ ಕಾಲು ಹಿಡಿಯುವಂತಿಲ್ಲ, ಕಾಲಿನಿಂದ ಪಟ್ಟು ಹಾಕುವಂತಿಲ್ಲ. ಆರು ನಿಮಿಷವೂ ತೋಳು, ಭುಜ, ಬೆನ್ನು, ಸೊಂಟಕ್ಕೇ ಕೆಲಸ. ಕಾಲಿನ ಓಟದಿಂದ ಬಂದ ದಮ್ಮು ತೋಳಿಗೆ ಎಷ್ಟು ಇಳಿಯುತ್ತದೆ? ನಮ್ಮ ಉಸ್ತಾದರ ಪ್ರಶ್ನೆ ಇದೇ.

ದಮ್ಮು ಎರಡು ಕಡೆ ಇರುತ್ತದೆ. ಒಂದು ಎದೆಯಲ್ಲಿ. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತದೆ ಅನ್ನುವುದು ಅದು. ಓಡಿದರೂ ಬೆಳೆಯುತ್ತದೆ, ಸೈಕಲ್ ತುಳಿದರೂ ಬೆಳೆಯುತ್ತದೆ. ಇನ್ನೊಂದು ಆಯಾ ಮಾಂಸಖಂಡದಲ್ಲಿ. ಅಲ್ಲಿಯ ಸಣ್ಣ ರಕ್ತನಾಳಗಳು, ಆಮ್ಲಜನಕ ಬಳಸಿಕೊಳ್ಳುವ ಅದರ ಶಕ್ತಿ, ಇವು ಕೆಲಸ ಮಾಡಿದ ಖಂಡದಲ್ಲಿ ಮಾತ್ರ ಬೆಳೆಯುತ್ತವೆ. ಓಡಿದವನ ತೊಡೆಯಲ್ಲಿ ಬೆಳೆಯುತ್ತದೆ. ಮುಂಗೈಯಲ್ಲಿ ಬೆಳೆಯುವುದಿಲ್ಲ. ಐದು ತಿಂಗಳು ಓಡಿದಾಗ ನನ್ನ ಕೈ ಏನೂ ಮಾಡುತ್ತಿರಲಿಲ್ಲ, ಸುಮ್ನೆ ಅಲ್ಲಾಡುತ್ತಿತ್ತು ಅಷ್ಟೆ.

ಮೊದಲು ಎಲ್ಲಿ ಸೋರುತ್ತಿದೆ ನೋಡಿ

ಒಂದು ದಿನ ಚೆನ್ನಾಗಿ ಮಲಗೆದ್ದು, ಮೈ ಬಿಸಿ ಮಾಡಿಕೊಂಡು, ನಿಮ್ಮ ತೂಕದವನೊಬ್ಬನ ಜೊತೆ ನಿಜವಾದ ಪಂದ್ಯದಂತೆ 3+3 ನಿಮಿಷ ಆಡಿ. ಯಾರಾದರೂ ಮೊಬೈಲಿನಲ್ಲಿ ಹಿಡಿಯಲಿ. ಮುಗಿದ ತಕ್ಷಣ ಕುತ್ತಿಗೆಯ ನಾಡಿ 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ ಬರೆದಿಡಿ. ಸರಿಯಾಗಿ ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎಷ್ಟು ಇಳಿಯಿತು ಅನ್ನುವುದು ನಿಮ್ಮ ನಂಬರು. ಪಕ್ಕದವನ ನಂಬರಿಗೆ ಹೋಲಿಸಬೇಡಿ, ತಿಂಗಳ ನಂತರದ ನಿಮ್ಮದೇ ನಂಬರಿಗೆ ಹೋಲಿಸಿ.

ಆಮೇಲೆ ವಿಡಿಯೊ ನೋಡಿ. ಬಾಯಿ ತೆರೆದು ಮೇಲುಸಿರು ಬಿಡುತ್ತಾ, ಸೊಂಟದ ಮೇಲೆ ಕೈ ಇಟ್ಟು ನಡುವಿಗೆ ನಿಧಾನವಾಗಿ ನಡೆಯುತ್ತಿದ್ದೀರಾ? ಹಾಗಿದ್ದರೆ ಎದೆ ಸೋಲುತ್ತಿದೆ, ನಿಧಾನದ ಕೆಲಸ ಬೇಕು. ಉಸಿರು ಪರವಾಗಿಲ್ಲ, ಆದರೆ ಹಿಡಿದ ಮಣಿಕಟ್ಟು ಜಾರುತ್ತಿದೆ, ಕುತ್ತಿಗೆ ಒತ್ತಿದಾಗ ತಲೆ ಬಾಗುತ್ತಿದೆ ಎಂದರೆ ಕೈ, ಕುತ್ತಿಗೆ ಸೋಲುತ್ತಿವೆ. ಅದಕ್ಕೆ ಓಟ ಮದ್ದಲ್ಲ. ಮೊದಲ ಕುಸ್ತಿ ಚೆನ್ನಾಗಿದ್ದು ದಿನದ ಮೂರನೆಯದರಲ್ಲಿ ಮಂಕಾಗುತ್ತೀರಾ? ಮತ್ತೆ ಎದೆಯ ಲೆಕ್ಕವೇ, ಜೊತೆಗೆ ಊಟ ನೀರಿನ ಲೆಕ್ಕ. ಇನ್ನೂ ಒಂದು ಜಾತಿ ಇದೆ. ಪಟ್ಟು ಹಾಕುವಾಗೆಲ್ಲ ಉಸಿರು ಕಟ್ಟಿಕೊಳ್ಳುವವರು. ಇವರು ಒಂದೂವರೆ ನಿಮಿಷಕ್ಕೇ ಸುಸ್ತು. ಇವರಿಗೆ ಬೇಕಿರುವುದು ದಮ್ಮಿನ ತರಬೇತಿ ಅಲ್ಲ, ತಳ್ಳುವಾಗ ಉಸಿರು ಬಿಡುವ ಅಭ್ಯಾಸ. ಒಂದು ವಾರ ಜೋರ್, ಅಂದರೆ ಗರಡಿಯಲ್ಲಿ ಜೊತೆಗಾರನ ಜೊತೆ ಹಿಡಿಯುವ ಅಭ್ಯಾಸದ ಕುಸ್ತಿ, ಮಾಡುವಾಗ ಪ್ರತಿ ತಳ್ಳಿಗೆ "ಹುಂ" ಅನ್ನಿ. ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ನಿಧಾನದ ಓಟ

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಜಾರು, ಮತ್ತು ಎಲ್ಲರೂ ತಪ್ಪು ಮಾಡುವುದು ಇದರಲ್ಲೇ.

ನಿಧಾನ ಅಂದರೆ ಎಷ್ಟು ನಿಧಾನ? ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಹಾಡು ಹೇಳಲು ಆಗಬಾರದು. ಇಪ್ಪತ್ತರ ಹುಡುಗನಿಗೆ ನಾಡಿ ನಿಮಿಷಕ್ಕೆ 125–145ರ ಆಸುಪಾಸು. ಈ ವೇಗದಲ್ಲಿ ಹೃದಯ ಪೂರ್ತಿ ತುಂಬಿಕೊಂಡು ಬಡಿಯುತ್ತದೆ. ವಾರಕ್ಕೆ ಮೂರು ದಿನ, 30–45 ನಿಮಿಷ, ಹೀಗೆ ಎರಡು ಮೂರು ತಿಂಗಳು ಮಾಡಿದರೆ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಹೆಚ್ಚಾಗುತ್ತದೆ. ಬೆಳಿಗ್ಗೆ ಎದ್ದಾಗಿನ ನಾಡಿ ಕೆಳಗಿಳಿಯುವುದು ಅದರ ಗುರುತು.

ಆದರೆ ಪೈಲ್ವಾನರು ಸೇರಿ ಓಡಿದರೆ ಹತ್ತೇ ನಿಮಿಷಕ್ಕೆ ಅದು ರೇಸ್ ಆಗುತ್ತದೆ. ಒಬ್ಬ ಒಂದು ಹೆಜ್ಜೆ ಮುಂದೆ ಹೋದರೆ ಇನ್ನೊಬ್ಬನಿಗೆ ತಡೆಯುವುದಿಲ್ಲ. ನನ್ನ ಆ ಐದು ತಿಂಗಳ ಓಟವೂ ಹಾಗೇ ಇತ್ತು. ಮಾತಾಡಲು ಆಗದಷ್ಟು ಬಿರುಸು, ಆದರೆ ಇಂಟರ್ವಲ್‌ನ ಲಾಭ ಕೊಡುವಷ್ಟು ಬಿರುಸಲ್ಲ. ಸುಸ್ತು ಪೂರ್ತಿ, ಲಾಭ ಅರೆಬರೆ. ಸಂಜೆ ಜೋರ್ ಮಾಡಲು ಬಂದಾಗ ಕಾಲು ಆಗಲೇ ಸತ್ತಿರುತ್ತಿತ್ತು. ಈ ನಡುವಿನ ವೇಗದ ಓಟವೇ ಎಲ್ಲ ಆಯ್ಕೆಗಳಲ್ಲಿ ಕೆಟ್ಟದ್ದು ಅಂತ ನನ್ನ ಖಚಿತ ಅಭಿಪ್ರಾಯ. ಒಬ್ಬರೇ ಓಡಿ, ಅಥವಾ ನಿಮಗಿಂತ ನಿಧಾನದವರ ಜೊತೆ ಓಡಿ.

ಓಡಿದರೆ ಬಲ ಕರಗುತ್ತದೆ ಅನ್ನುವ ಹೆದರಿಕೆ ಹಳೆಯದು. ಅದು ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಭಾರ ಎತ್ತಿದವರ ಬಲ ಹತ್ತು ವಾರವೂ ಏರುತ್ತಾ ಹೋಯಿತು. ಭಾರ ಎತ್ತುವುದರ ಜೊತೆಗೆ ಬಿರುಸಿನ ಓಟ, ಸೈಕಲ್ಲನ್ನೂ ಮಾಡಿದವರ ಬಲ ಏಳೆಂಟು ವಾರದ ಹೊತ್ತಿಗೆ ನಿಂತು, ಆಮೇಲೆ ಸ್ವಲ್ಪ ಇಳಿಯಿತು. ಗಮನಿಸಿ, ಅವರು ವಾರಕ್ಕೆ ಆರು ದಿನ ಕಷ್ಟಪಟ್ಟು ಮಾಡಿದ್ದರು. ವಾರಕ್ಕೆ ಮೂರು ದಿನ ಹಗುರ ಓಟಕ್ಕೆ ಅಷ್ಟು ಹೆದರಬೇಕಿಲ್ಲ. ಭಾರ ಎತ್ತುವ ದಿನ ಓಡಲೇಬೇಕಾದರೆ ಎರಡರ ನಡುವೆ ಕೆಲವು ಗಂಟೆ ಬಿಡಿ.

90 ಕೆ.ಜಿ. ದಾಟಿದವರು ಡಾಂಬರಿನ ಮೇಲೆ ಓಡಬೇಡಿ ಅಂತಲೇ ಹೇಳುತ್ತೇನೆ. ಮಂಡಿ ಕುಸ್ತಿಗೆ ಬೇಕು. ಅವರಿಗೆ ಸೈಕಲ್ಲು, ಈಜು, ಏರಿನಲ್ಲಿ ಬಿರುಸಿನ ನಡಿಗೆ ಒಳ್ಳೆಯದು. ಹೃದಯಕ್ಕೆ ಅದು ಓಟವೋ ಸೈಕಲ್ಲೋ ಗೊತ್ತಾಗುವುದಿಲ್ಲ.

ಮೆಟ್ಟಿಲು

ಮೈಸೂರಿನ ಪೈಲ್ವಾನನಿಗೆ ದಮ್ಮು ಅಂದರೆ ಚಾಮುಂಡಿ ಬೆಟ್ಟ. ದೊಡ್ಡ ದೇವರಾಜ ಒಡೆಯರ ಕಾಲದ ಆ ಸಾವಿರ ಮೆಟ್ಟಿಲು ಎಷ್ಟು ತಲೆಮಾರಿನ ಪೈಲ್ವಾನರ ತೊಡೆ ತಿರುವಿದೆಯೋ. ಓಟಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂದರೆ, ಮೆಟ್ಟಿಲಿನಲ್ಲಿ ವೇಗ ಕಡಿಮೆ, ನೆಲಕ್ಕೆ ಬೀಳುವ ಪೆಟ್ಟು ಕಡಿಮೆ, ಆದರೆ ನಾಡಿ ತಾನಾಗಿ ಏರುತ್ತದೆ. ಎದುರಾಳಿಯ ಭಾರ ಹೊತ್ತು ಮೇಲೇಳುವಾಗ ದುಡಿಯುವ ತೊಡೆ, ಪಿರ್ರೆ, ಮೀನಖಂಡ ಇಲ್ಲೂ ದುಡಿಯುತ್ತವೆ. ಓಟ ಮತ್ತು ಬಸ್ಕಿಯ ನಡುವಿನ ಮಗು ಇದು.

ನಿಧಾನದ ಕೆಲಸ ಬೇಕಾದರೆ ನಿಲ್ಲದೆ ನಡೆದು ಹತ್ತಿ. ಇಂಟರ್ವಲ್ ಬೇಕಾದರೆ ನೂರು ಮೆಟ್ಟಿಲು ಬಿರುಸಾಗಿ ಹತ್ತಿ, ಉಸಿರು ಸುಧಾರಿಸುವವರೆಗೆ ಮೆಲ್ಲಗೆ ನಡೆಯಿರಿ, ಮತ್ತೆ ನೂರು. ಒಂದೇ ಜಾಗ, ಎರಡು ಔಷಧಿ. ತೊಂದರೆ ಇರುವುದು ಇಳಿಯುವಾಗ. ಪ್ರತಿ ಮೆಟ್ಟಿಲಿಗೂ ತೊಡೆ ಬ್ರೇಕ್ ಹಾಕಬೇಕು, ಮಾರನೇ ದಿನ ಶೌಚಕ್ಕೆ ಕೂರಲೂ ಆಗದಷ್ಟು ನೋವು ಬರುವುದು ಇಳಿದದ್ದಕ್ಕೆ, ಹತ್ತಿದ್ದಕ್ಕಲ್ಲ. ಮೇಲಿಂದ ಬಸ್ಸಿದೆ. ಅಮ್ಮನಿಗೆ ಕೈಮುಗಿದು ಬಸ್ಸಿನಲ್ಲಿ ಇಳಿಯಿರಿ, ನಾಚಿಕೆ ಬೇಡ. ಬೆಟ್ಟ ಇಲ್ಲದ ಊರಿನವರಿಗೆ ಸ್ಟೇಡಿಯಂ ಗ್ಯಾಲರಿ ಆಗುತ್ತದೆ. ನಾಲ್ಕು ಮಹಡಿಯ ಕಟ್ಟಡವಾದರೂ ಸಾಕು, ವಾಚ್‌ಮನ್ ಒಪ್ಪಿದರೆ.

ಬಸ್ಕಿ, ದಂಡೆ

ನೂರಾರು ಬಸ್ಕಿ ಹೊಡೆಯುವುದು ಏರೋಬಿಕ್ಕೇ ಅಂತ ಹಳಬರು ವಾದ ಮಾಡುತ್ತಾರೆ. ಭಾಗಶಃ ನಿಜ. ನಿಲ್ಲದೆ, ಒಂದೇ ಲಯದಲ್ಲಿ, ಉಸಿರಿಗೆ ಸರಿಯಾಗಿ ಹದಿನೈದು ಇಪ್ಪತ್ತು ನಿಮಿಷ ಹೊಡೆದರೆ ನಾಡಿ ಓಟದಷ್ಟೇ ಏರಿರುತ್ತದೆ. ಮುಖ್ಯ ಲಾಭ ಖಂಡದ ದಮ್ಮು. ದಂಡೆಯಿಂದ (ನೆಲಕ್ಕೆ ಕೈಯೂರಿ ಮೈ ಇಳಿಸಿ ಎತ್ತುವುದು) ಭುಜ ಎದೆಗೆ, ಬಸ್ಕಿಯಿಂದ ತೊಡೆಗೆ. ಆದರೆ ಎಳೆಯುವ ಕೆಲಸ ಎರಡರಲ್ಲೂ ಇಲ್ಲ. ಕುಸ್ತಿಯಲ್ಲಿ ಅರ್ಧ ಕೆಲಸ ಎಳೆಯುವುದೇ. ಹಾಗಾಗಿ ಜೊತೆಗೆ ಹಗ್ಗ ಹತ್ತುವುದು, ಇಲ್ಲದಿದ್ದರೆ ಮಟ್ಟಿ ಅಗೆಯುವುದು ಇರಲಿ. ಸನಿಕೆ ಹಿಡಿದು ಗರಡಿ ಮಣ್ಣು ಮಗುಚುವ ಕೆಲಸವನ್ನು ಹೊಸ ಹುಡುಗರು ಶಿಕ್ಷೆ ಅಂದುಕೊಳ್ಳುತ್ತಾರೆ. ಅರ್ಧ ಗಂಟೆ ಮಗುಚಿ ನೋಡಿ. ಮುಂಗೈ, ಬೆನ್ನು, ಉಸಿರು ಮೂರೂ ಒಟ್ಟಿಗೆ ಮಾತಾಡುತ್ತವೆ. ನನ್ನ ಕೈಗೆ ಆಗ ಬೇಕಾಗಿದ್ದ ಮದ್ದು ಅದೇ, ಮತ್ತು ಅದು ಕಾಲ ಬುಡದಲ್ಲೇ ಇತ್ತು.

ಮಳೆಗಾಲದಲ್ಲಿ, ಜಾಗ ಇಲ್ಲದ ರೂಮಿನಲ್ಲಿ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಮಂಡಿ ನೋವಿದ್ದರೆ ಸಂಖ್ಯೆಯ ಹಠ ಬಿಡಿ.

ಇಂಟರ್ವಲ್

ಎಲ್ಲರ ಬಾಯಲ್ಲೂ ಟಬಾಟಾ. 20 ಸೆಕೆಂಡ್ ಬಿರುಸು, 10 ಸೆಕೆಂಡ್ ವಿರಾಮ, ಎಂಟು ಸಲ, ನಾಲ್ಕು ನಿಮಿಷ. ಜಪಾನಿನ ಇಜುಮಿ ಟಬಾಟಾ ತಂಡ 1996ರಲ್ಲಿ ಇದರ ಫಲಿತಾಂಶ ಪ್ರಕಟಿಸಿತು. ಪದ್ಧತಿ ಹುಟ್ಟಿದ್ದು ಅಲ್ಲಿಯ ಸ್ಪೀಡ್ ಸ್ಕೇಟಿಂಗ್ ತರಬೇತಿಯಿಂದ. ಆರು ವಾರದಲ್ಲಿ ಏರೋಬಿಕ್ ತಾಕತ್ತೂ ಏರಿತು, ಬಿರುಸಿನ ತಾಕತ್ತು 28 ಪರ್ಸೆಂಟ್ ಏರಿತು. ಗಂಟೆಗಟ್ಟಲೆ ಹದವಾಗಿ ಸೈಕಲ್ ತುಳಿದವರ ಬಿರುಸಿನ ತಾಕತ್ತು ಏರಲೇ ಇಲ್ಲ.

ಇದನ್ನು ಕೇಳಿದವರು ಓಟ ಬಿಟ್ಟುಬಿಡುತ್ತಾರೆ. ತಾಳಿ. ಆ ಅಧ್ಯಯನದವರು ಸೈಕಲ್ ಮೇಲೆ ಏಳೆಂಟನೇ ಸುತ್ತಿಗೆ ತುಳಿಯಲು ಆಗದೆ ನಿಲ್ಲುವಷ್ಟು ಬಿರುಸಾಗಿ ಮಾಡಿದ್ದರು. ನಾವು ಜಿಮ್ಮಿನಲ್ಲಿ ಎಂಟು ಸುತ್ತು ಮುಗಿಸಿ ಸೆಲ್ಫಿ ತೆಗೆದುಕೊಳ್ಳುತ್ತೇವೆ. ಸೆಲ್ಫಿಗೆ ಕೈ ಎತ್ತಲು ಆದರೆ ಅದು ಟಬಾಟಾ ಅಲ್ಲ.

ಕುಸ್ತಿಯವರಿಗೆ ನಾನು ಹೇಳುವುದು ಎರಡು ಬಗೆ. ಪಂದ್ಯಕ್ಕೆ ಎರಡು ಮೂರು ತಿಂಗಳು ಇರುವಾಗ ಉದ್ದದ್ದು: 4 ನಿಮಿಷ ಬಿರುಸು, 3 ನಿಮಿಷ ಮೆಲ್ಲನೆ ಓಟ, ನಾಲ್ಕು ಸಲ. ಬಿರುಸು ಅಂದರೆ ಒಂದೆರಡು ಪದಕ್ಕಿಂತ ಜಾಸ್ತಿ ಮಾತಾಡಲು ಆಗದಷ್ಟು, ಆದರೆ ನಾಲ್ಕನೇ ಸಲವೂ ಮೊದಲ ಸಲದ ದೂರ ಮುಟ್ಟಬೇಕು. ಪಂದ್ಯಕ್ಕೆ ಐದಾರು ವಾರ ಇರುವಾಗ ಚಿಕ್ಕದ್ದು: 15 ಸೆಕೆಂಡ್ ಪೂರ್ತಿ ಬಿರುಸು, 30 ಸೆಕೆಂಡ್ ಹಗುರ ಕಾಲಾಟ, ಹೀಗೆ 3 ನಿಮಿಷ. 30 ಸೆಕೆಂಡ್ ವಿರಾಮ. ಮತ್ತೆ 3 ನಿಮಿಷ. ಬಿರುಸಿನ 15 ಸೆಕೆಂಡನ್ನು ಓಟಕ್ಕೆ ಬದಲು ಹಗ್ಗ ಎಳೆಯಲು, ಮರಳಿನ ಮೂಟೆ ಎತ್ತಲು, ಜೊತೆಗಾರನನ್ನು ಹೊತ್ತು ಓಡಲು ಬಳಸಿ. ಆಗ ಕೈಗೂ ಪಾಲು ಸಿಗುತ್ತದೆ.

ವಾರಕ್ಕೆ ಹೆಚ್ಚೆಂದರೆ ಎರಡು ಸಲ. ಮೂರನೆಯದು ಬೇಕೆನ್ನಿಸಿದರೆ ನೀವು ಮೊದಲೆರಡನ್ನು ಸರಿಯಾಗಿ ಮಾಡಿಲ್ಲ. ಇಂಟರ್ವಲ್ ಬೇಗ ಫಲ ಕೊಡುತ್ತದೆ, ಆರೆಂಟು ವಾರದಲ್ಲಿ ಏರಿಕೆ ನಿಂತೂ ಬಿಡುತ್ತದೆ. ಅಷ್ಟರ ಮೇಲೆ ಏರಬೇಕಾದರೆ ಕೆಳಗೆ ನಿಧಾನದ ಅಡಿಪಾಯ ಇರಬೇಕು. ವರ್ಷಪೂರ್ತಿ ಬರೀ ಇಂಟರ್ವಲ್ ಮಾಡಿ ಮೈ ಕೆಡಿಸಿಕೊಂಡ ಇಬ್ಬರು ಒಳ್ಳೆಯ ಹುಡುಗರನ್ನು ನೋಡಿದ್ದೇನೆ. ನಿದ್ದೆ ಬರುತ್ತಿರಲಿಲ್ಲ, ಸದಾ ನೆಗಡಿ.

ಜೋರ್

ಕುಸ್ತಿಗೆ ಕುಸ್ತಿಯೇ ಮದ್ದು ಅನ್ನುವವರ ಮಾತು ಮುಕ್ಕಾಲು ಸರಿ. ಹಿಡಿತದ ದಮ್ಮು, ಒತ್ತಡದಲ್ಲಿ ಉಸಿರಾಡುವುದು, ಎಲ್ಲಿ ಸುಮ್ಮನಿರಬೇಕು ಎಲ್ಲಿ ನುಗ್ಗಬೇಕು ಅನ್ನುವ ಲೆಕ್ಕ ಬೇರೆ ಎಲ್ಲೂ ಸಿಗುವುದಿಲ್ಲ. ಇದೊಂದೇ ಆಯ್ಕೆಯಲ್ಲಿ ಎದೆ, ಕೈ, ಕುತ್ತಿಗೆ ಮೂರಕ್ಕೂ ಪಾಲಿದೆ.

ಉಳಿದ ಕಾಲು ಭಾಗದ ತೊಂದರೆ ಏನು? ಜೋರ್‌ನಲ್ಲಿ ಬಿರುಸು ನಿಮ್ಮ ಕೈಯಲ್ಲಿಲ್ಲ. ದಿನಾ ಜೊತೆ ಹಿಡಿಯುವ ಗೆಳೆಯರಿಬ್ಬರು ಹತ್ತು ನಿಮಿಷ ಆದ ಮೇಲೆ ಒಬ್ಬರ ಭುಜದ ಮೇಲೊಬ್ಬರು ತಲೆಯಿಟ್ಟು ನಿಂತಿರುತ್ತಾರೆ. ಹೊರಗಿನಿಂದ ನೋಡಿದರೆ ಕುಸ್ತಿ, ಒಳಗೆ ವಿಶ್ರಾಂತಿ. ಗಂಟೆಗಟ್ಟಲೆ ಜೋರ್ ಮಾಡುವ ಎಷ್ಟೋ ಜನರಿಗೆ ಮ್ಯಾಟಿನ ಆರು ನಿಮಿಷ ತಡೆಯುವುದಿಲ್ಲ, ಕಾರಣ ಇದೇ. ಸುಸ್ತಾದಾಗ ಪಟ್ಟು ಹದಗೆಟ್ಟು ಭುಜ, ಮಂಡಿಗೆ ಏಟಾಗುವುದೂ ಇಲ್ಲೇ.

ಇದಕ್ಕೆ ಹಳೆಯ ಉಪಾಯ ಇದೆ. ಒಬ್ಬ ನಡುವೆ ನಿಲ್ಲಲಿ. ಮೂವರು ಸರದಿಯಲ್ಲಿ ಒಂದೊಂದು ನಿಮಿಷಕ್ಕೆ ಇಳಿಯಲಿ, ಬರುವವನು ಯಾವಾಗಲೂ ತಾಜಾ. ಮೂರು ನಿಮಿಷ, ಅರ್ಧ ನಿಮಿಷ ವಿರಾಮ, ಮತ್ತೆ ಮೂರು ನಿಮಿಷ. ನಡುವಿನವನ ಕಣ್ಣು ಹೊರಗೆ ಬರುತ್ತದೆ. ಪಂದ್ಯಕ್ಕೆ ಕೊನೆಯ ನಾಲ್ಕು ವಾರದಲ್ಲಿ ವಾರಕ್ಕೊಮ್ಮೆ ಸಾಕು, ಮತ್ತು ಆ ದಿನ ಬೇರೆ ಇಂಟರ್ವಲ್ ಬೇಡ.

ಹಗ್ಗದಾಟ, ಅಂದರೆ ಸ್ಕಿಪ್ಪಿಂಗ್, ಮೈ ಬಿಸಿ ಮಾಡಲು ಮತ್ತು ಕಾಲು ಚುರುಕಾಗಲು ಚೆನ್ನ. ದಮ್ಮಿಗೆ ಅದನ್ನೇ ನಂಬಬೇಡಿ. ಈಜು ಭುಜಕ್ಕೆ ಒಳ್ಳೆಯದು, ಗ್ರೀಕೊ ಆಡುವವರು ಕೆರೆ ಬಾವಿ ಇದ್ದರೆ ಬಿಡಬೇಡಿ.

ಹಾಗಾದರೆ ಯಾರು ಯಾವುದನ್ನು ಆರಿಸಬೇಕು

ಶಾಲೆ ಹುಡುಗ ಹುಡುಗಿಯರಿಗೆ ಪಟ್ಟು ಕಲಿಯುವುದೇ ಮೊದಲ ಕೆಲಸ. ಜೋರ್, ಆಟ, ವಾರಕ್ಕೆ ಎರಡು ದಿನ ಹಗುರ ಓಟ, ಅಷ್ಟೇ. ಹದಿಮೂರರ ಹುಡುಗನಿಗೆ ಟಬಾಟಾ ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ರಾಜ್ಯಮಟ್ಟದ ಆಯ್ಕೆಗೆ ಮೂರು ತಿಂಗಳಿರುವ ಮ್ಯಾಟ್ ಪೈಲ್ವಾನರಿಗೆ ಮೊದಲ ಐದಾರು ವಾರ ವಾರಕ್ಕೆ ಮೂರು ನಿಧಾನದ ಓಟ, ಒಂದು ಉದ್ದದ ಇಂಟರ್ವಲ್. ಆಮೇಲೆ ಓಟ ಎರಡಕ್ಕೆ ಇಳಿಸಿ ಚಿಕ್ಕ ಇಂಟರ್ವಲ್ ಎರಡು. ಕೊನೆಯ ನಾಲ್ಕು ವಾರ ಸರದಿ ಜೋರ್ ಮುಖ್ಯ, ಓಟ ಬರೀ ಮೈ ಸಡಿಲಿಸಲು. ಇದನ್ನು ತಲೆಕೆಳಗು ಮಾಡುವವರೇ ಹೆಚ್ಚು. ಮೂರು ತಿಂಗಳಿರುವಾಗ ಜೋಶ್‌ನಲ್ಲಿ ಇಂಟರ್ವಲ್, ಪಂದ್ಯಕ್ಕೆ ಹತ್ತು ದಿನ ಇರುವಾಗ ಹೆದರಿಕೊಂಡು ದಿನಾ ಹತ್ತು ಕಿಲೋಮೀಟರ್. ಹತ್ತು ದಿನದಲ್ಲಿ ಹೃದಯ ದೊಡ್ಡದಾಗುವುದಿಲ್ಲ, ಕಾಲು ಮಾತ್ರ ಸುಸ್ತಾಗುತ್ತದೆ.

ದಸರಾ ಮಣ್ಣಿಗೆ ಇಳಿಯುವವರು ನಿಧಾನದ ಕೆಲಸವನ್ನು ಕೊನೆಯ ಹತ್ತು ದಿನದವರೆಗೂ ಬಿಡಬೇಡಿ. ಮೆಟ್ಟಿಲು, ಮಟ್ಟಿ ಮಗುಚುವುದು, ಉದ್ದದ ಜೋರ್. ಇಂಟರ್ವಲ್ ವಾರಕ್ಕೊಂದು ಸಾಕು.

ಕೆಲಸಕ್ಕೆ ಹೋಗುತ್ತಾ, ಮೂವತ್ತು ದಾಟಿ, ವಾರಕ್ಕೆ ನಾಲ್ಕೇ ಗಂಟೆ ಸಿಗುವವರು ಎರಡು ಗಂಟೆ ಜೋರ್‌ಗೆ ಕೊಡಿ, ಒಂದು ಗಂಟೆ ನಿಧಾನಕ್ಕೆ, ಉಳಿದದ್ದು ಬಲಕ್ಕೆ. ಆಫೀಸಿಗೆ ಸೈಕಲ್ ತುಳಿದರೆ ನಿಧಾನದ ಲೆಕ್ಕ ಅಲ್ಲೇ ಮುಗಿಯುತ್ತದೆ. ಎದೆ ನೋವು, ತಲೆಸುತ್ತು, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯದ ಕಾಯಿಲೆ ಇದ್ದರೆ ಬಿರುಸಿನ ಕೆಲಸಕ್ಕೆ ಮುಂಚೆ ಡಾಕ್ಟರನ್ನು ಕಾಣಿ.

ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಓಡುವುದನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ. ಅದು ದಮ್ಮಿನ ತರಬೇತಿಯೇ ಅಲ್ಲ, ನೀರು ಕಳೆಯುವ ದಾರಿ. ನೀರು ಹೋದರೆ ರಕ್ತದ ಪ್ರಮಾಣ ಇಳಿಯುತ್ತದೆ, ಮೂರು ತಿಂಗಳು ಕಟ್ಟಿದ ದಮ್ಮು ಒಂದು ರಾತ್ರಿಯಲ್ಲಿ ಸೋರಿಹೋಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮನ್ ಸೆಹ್ರಾವತ್ ಸುಮಾರು ಹತ್ತು ಗಂಟೆಯಲ್ಲಿ 4.6 ಕೆ.ಜಿ. ಇಳಿಸಿ ಕಂಚು ಗೆದ್ದರು ನಿಜ. ಅವರ ಸುತ್ತ ತಜ್ಞರ ತಂಡವೇ ಇತ್ತು. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಐದಾರು ವಾರದೊಳಗೆ ಸತ್ತರು. ತೂಕ ಇಳಿಸಬೇಕಿದ್ದರೆ ಆ ನಿಧಾನದ ಓಟದ ತಿಂಗಳುಗಳಲ್ಲೇ ಮೆಲ್ಲಗೆ ಇಳಿಸಿ.

ಪಂದ್ಯದ ದಿನಕ್ಕೆ ಒಂದು ಮಾತು. ನಿಮ್ಮ ಹೆಸರು ಕೂಗುವ ಇಪ್ಪತ್ತು ನಿಮಿಷ ಮುಂಚೆ ಬೆವರು ಬರುವವರೆಗೆ ಮೈ ಬಿಸಿ ಮಾಡಿ. ಆಮೇಲೆ ಅರ್ಧರ್ಧ ನಿಮಿಷದ ಎರಡು ಮೂರು ಬಿರುಸಿನ ಹಿಡಿತ, ಜೊತೆಗಾರನ ಜೊತೆ. ಏದುಸಿರು ಬರಬೇಕು. ಬಂದು ಹೋಗಲಿ. ಜಾಕೆಟ್ ಹಾಕಿಕೊಂಡು ಕೂತು, ಎರಡು ಗುಟುಕು ನೀರು ಕುಡಿದು, ಮೂಗಿನಲ್ಲಿ ಉಸಿರಾಡುವಷ್ಟು ತಣ್ಣಗಾದ ಮೇಲೆ ಎದ್ದು ನಡೆಯಿರಿ. ನಾನು ಅವತ್ತು ತಣ್ಣನೆ ಮೈಯಲ್ಲೇ ಮ್ಯಾಟಿಗೆ ಹತ್ತಿದ್ದೆ, ಅದನ್ನು ಮೊದಲೇ ಹೇಳಬೇಕಿತ್ತು.